ಗೊತ್ತಾಗುವವರೆಗೂ ವಾರ್ಡಿನಲ್ಲೇ

ಡಾಕ್ಟರ್ ಬಲ್ತಸಾರ್ ಒಲ್ವೆರಾ ಅವರ ವಿಭಾಗದಲ್ಲಿ ಪ್ರತಿ ತಪ್ಪಿಗೂ ಒಂದು ಶಿಕ್ಷೆಯಿತ್ತು. ತಡವಾಗಿ ಬಂದವನು ಬೆಳಗಿನ ಸಭೆ ಮುಗಿಯುವವರೆಗೂ ನಿಂತಿರಬೇಕು. ರಿಪೋರ್ಟು ಕಳೆದವನು ಎಲ್ಲರಿಗೂ ಕಾಫಿ ತರಬೇಕು. ಆದರೆ ಕೇಳಿದ ಪ್ರಶ್ನೆಗೆ 'ಗೊತ್ತಿಲ್ಲ' ಎಂದವರಿಗೆ ಮನೆಯೇ ಇಲ್ಲ. ಗೊತ್ತಾಗುವವರೆಗೂ ವಾರ್ಡಿನಲ್ಲೇ. ಪಾಳಿ ಮುಗಿದಿರಲಿ, ಜ್ವರ ಬಂದಿರಲಿ, ಉತ್ತರ ಹುಡುಕಿ, ಡಾಕ್ಟರರ ಮುಂದೆ ನಿಂತು ಒಪ್ಪಿಸಿ, ಅವರು ತಲೆಯಾಡಿಸಿದ ಮೇಲೆಯೇ ಹೊರಗಿನ ಗಾಳಿ.

ಎರ್ಮಿನಿಯಾ ಕ್ವೌತ್ಲೆ ಪುಯೆಬ್ಲ ನಗರದ ಆ ಸರ್ಕಾರಿ ಆಸ್ಪತ್ರೆಯಲ್ಲಿ ನಾಲ್ಕು ವರ್ಷ ರೆಸಿಡೆಂಟ್, ಅಂದರೆ ತರಬೇತಿಯ ವೈದ್ಯೆ, ಆಗಿದ್ದಳು. ರಕ್ತದಲ್ಲಿ ಸೋಡಿಯಂ ಇಳಿಯುವ ಒಂದು ಕಾರಣ ನೆನಪಾಗದೆ ತಂಗಿಯ ಮದುವೆ ತಪ್ಪಿಹೋಗಿತ್ತು. ಪುಸ್ತಕದ ಅಡಿಟಿಪ್ಪಣಿಯಲ್ಲಷ್ಟೇ ಬದುಕಿರುವ ಒಂದು ಕಾಯಿಲೆಯ ಹೆಸರು ಹೊಳೆಯದೆ ಅಜ್ಜಿಯ ಮಣ್ಣಿಗೆ ಹೋಗಲಾಗಿರಲಿಲ್ಲ. ಆ ಕಾಯಿಲೆಯ ರೋಗಿಯನ್ನು ಆಮೇಲೆ ಅವಳು ಒಮ್ಮೆಯೂ ನೋಡಲಿಲ್ಲ. ಅಜ್ಜಿಯನ್ನೂ.

ಫೆಬ್ರುವರಿಯ ಕೊನೆಯ ದಿನ, ಸೋಮವಾರ, ಅವಳ ತಂಡದ ರೆಸಿಡೆನ್ಸಿ ಮುಗಿಯಿತು. ಮಧ್ಯಾಹ್ನ ಪ್ರಮಾಣಪತ್ರ, ಊಟ. ಅದಕ್ಕೂ ಮೊದಲು ಕೊನೆಯ ಬೆಳಗಿನ ಸಭೆ. ಡಾಕ್ಟರ್ ಒಲ್ವೆರಾ ಅಂದು ಒಳ್ಳೆಯ ಮನಸ್ಸಿನಲ್ಲಿದ್ದರು. ಮೀಸೆ ಕತ್ತರಿಸಿಕೊಂಡು ಬಂದಿದ್ದರು. ಹೊರಡುತ್ತಿರುವ ನಾಲ್ವರನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳಿದರು.

"ಸರಿ, ಮುಂದೇನು? ಫೌಸ್ತೊ, ನೀನು ಹೇಳು."

"ಮುಖದ ಸುಕ್ಕು ತೆಗೆಯೋ ಕ್ಲಿನಿಕ್ಕು, ಡಾಕ್ಟ್ರೇ. ಮಾಲ್‌ನಲ್ಲಿ. ಎರಡನೇ ಮಹಡಿ, ಐಸ್‌ಕ್ರೀಮ್ ಅಂಗಡಿ ಪಕ್ಕ."

"ನಾಲ್ಕು ವರ್ಷ ಒಳಗಿನ ಅಂಗಾಂಗ ಕಲಿಸಿದೆ. ನೀನು ಚರ್ಮಕ್ಕೆ ಹೋಗ್ತೀಯಾ?"

"ಒಳಗಿಂದು ಫೋಟೋದಲ್ಲಿ ಬರಲ್ವಲ್ಲ ಡಾಕ್ಟ್ರೇ."

ಎಲ್ಲರೂ ನಕ್ಕರು, ಡಾಕ್ಟರರ ಮೀಸೆ ಅಲುಗಾಡಿದ್ದನ್ನು ನೋಡಿಕೊಂಡ ಮೇಲೆ.

"ಒತಿಲಿಯಾ?"

"ವಿಮಾ ಕಂಪನಿ. ರೋಗಿಗಳು ಕಳಿಸಿದ ಫೈಲು ಓದೋ ಕೆಲಸ."

"ಓದಿ ಏನ್ಮಾಡ್ತೀ?"

"ಆಗಲ್ಲ ಅಂತೀನಿ."

ಎವರಾರ್ದೊ ಹೃದ್ರೋಗಕ್ಕೆ ಮತ್ತೊಂದು ರೆಸಿಡೆನ್ಸಿ ಸೇರುವವನಿದ್ದ. ಅದು ಮುಗಿದ ಮೇಲೆ ಹೃದಯದ ಕವಾಟಗಳಿಗೆಂದೇ ಇನ್ನೊಂದು. ಅದರ ಮೇಲೆ, ಸಾಧ್ಯವಾದರೆ, ಎಡಗಡೆಯ ಕವಾಟಗಳಿಗೆ ಮಾತ್ರ.

"ನೋಡಿ ಕಲೀರಿ," ಅಂದರು ಡಾಕ್ಟರ್ ಒಲ್ವೆರಾ. "ಇವನ ಹಾಗೆ ಓದ್ತಾ ಹೋದ್ರೆ ಸಾಯೋವರೆಗೂ ಏನು ಮಾಡೋದು ಅಂತ ಯೋಚನೆ ಮಾಡ್ಬೇಕಾಗಿಲ್ಲ. ನೀನಮ್ಮ, ಎರ್ಮಿನಿಯಾ?"

ಎರ್ಮಿನಿಯಾ ಬಾಯಿ ತೆರೆದಳು. ಹಿಂದಿನ ರಾತ್ರಿಯ ಪಾಳಿಯ ರೋಗಿಗಳೆಲ್ಲ ತಲೆಯಲ್ಲಿ ಹಾಸಿಗೆಯ ಸಮೇತ ಸಾಲಾಗಿದ್ದರು. ಅವರ ಹಿಂದೆ ಏನಿದೆಯೆಂದು ಇಣುಕಿದಳು. ಗೋಡೆಯಿತ್ತು.

"ಗೊತ್ತಿಲ್ಲ, ಡಾಕ್ಟ್ರೇ."

ನಾಲ್ಕು ವರ್ಷದ ಅಭ್ಯಾಸ; ಆ ಪದ ಕೇಳಿದರೆ ಎಲ್ಲರ ಕಣ್ಣೂ ನೆಲಕ್ಕಿಳಿಯುತ್ತಿತ್ತು.

"ಗೊತ್ತಿಲ್ಲ ಅಂದೋರಿಗೆ ಇಲ್ಲಿ ಏನು ಪದ್ಧತಿ?"

"ಗೊತ್ತಾಗೋವರೆಗೂ ವಾರ್ಡಲ್ಲೇ, ಡಾಕ್ಟ್ರೇ."

"ಹಾಗಾದ್ರೆ ಮತ್ತೆ," ಅಂದರು ಅವರು. ಈ ಸಲ ಎಲ್ಲರೂ ಜೋರಾಗಿಯೇ ನಕ್ಕರು. ಡಾಕ್ಟರ್ ಒಲ್ವೆರಾ ಜೋಕು ಮಾಡಿದ್ದರೆಂದು ಇಡೀ ಆಸ್ಪತ್ರೆ ಮಧ್ಯಾಹ್ನದವರೆಗೂ ಮಾತಾಡಿಕೊಂಡಿತು.

ಎರ್ಮಿನಿಯಾ ನಗಲಿಲ್ಲ. ಅವಳಿಗೆ ಅವಮಾನವೂ ಆಗಿರಲಿಲ್ಲ. ಬಿಗಿದ ಬೂಟನ್ನು ಬಿಚ್ಚಿದಾಗ ಪಾದಕ್ಕೆ ಆಗುತ್ತದಲ್ಲ, ಅಂಥದ್ದೇನೋ ಆಗಿತ್ತು. ನಾಳೆ ಎಲ್ಲಿರಬೇಕೆಂದು ಯಾರೋ ಹೇಳಿಬಿಟ್ಟಿದ್ದರು.

ಊಟ ಮುಗಿಸಿ, ಪ್ರಮಾಣಪತ್ರವನ್ನು ಚೀಲಕ್ಕೆ ಸುತ್ತಿಟ್ಟು, ಸಂಜೆ ಅವಳು ವಾರ್ಡಿಗೆ ವಾಪಸು ಬಂದಳು.

"ನೀನಿನ್ನೂ ಹೋಗಿಲ್ವಾ?" ಕೇಳಿದಳು ಹಿರಿಯ ನರ್ಸ್ ಕಸಿಲ್ದಾ.

"ಶಿಕ್ಷೆ ಇದೆ."

"ಓ." ಕಸಿಲ್ದಾಗೆ ಅದು ಸಾಕಾಯಿತು. ಆ ಆಸ್ಪತ್ರೆಯಲ್ಲಿ ಶಿಕ್ಷೆಗೆ ಕಾರಣ ಕೇಳುವುದು ಮಳೆಗೆ ಕಾರಣ ಕೇಳಿದ ಹಾಗೆ. ಸ್ವಲ್ಪ ಹೊತ್ತಿನ ಮೇಲೆ ಮಾತ್ರ ಅವಳಿಗೆ ಏನೋ ಹೊಳೆಯಿತು. "ಅಲ್ಲ ಕಣೇ, ಶುಕ್ರವಾರ ಒಲ್ವೆರಾನೂ ನಿವೃತ್ತಿ. ಕೇಕಿಗೆ ಹೇಳಿದ್ದೀವಿ. ಅವ್ರಿಗೆ ಅದನ್ನ ಹೇಳೋ ಧೈರ್ಯ ಯಾರಿಗೂ ಇಲ್ಲ, ಅದು ಬೇರೆ. ಅವ್ರು ಹೋದ್ಮೇಲೆ ನಿನ್ನ ಬಿಡೋರು ಯಾರು?"

ಎರ್ಮಿನಿಯಾ ಅದನ್ನು ಯೋಚಿಸಿರಲಿಲ್ಲ.

ಮಂಗಳವಾರ ಹೊಸ ರೆಸಿಡೆಂಟರು ಬಂದರು, ಇಸ್ತ್ರಿಯ ಗೆರೆ ಮಾಸದ ಬಿಳಿ ಕೋಟುಗಳಲ್ಲಿ. ಎರ್ಮಿನಿಯಾಳನ್ನು ಕಂಡು ಎದ್ದು ನಿಂತರು. ಅವಳು ಯಾರು, ಏಕಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಕಣ್ಣಿನ ಕೆಳಗೆ ಅಷ್ಟು ಕಪ್ಪಿದ್ದವಳು ದೊಡ್ಡವಳೇ ಇರಬೇಕು. ಒಬ್ಬನು ಶೌಚಕ್ಕೆ ಹೋಗಲು ಅವಳ ಅಪ್ಪಣೆ ಕೇಳಿದ. ಅವಳು ಕೊಟ್ಟಳು. ಮಧ್ಯಾಹ್ನ ಇನ್ನೊಬ್ಬನಿಗೆ ಏನೋ ಪ್ರಶ್ನೆ ಕೇಳಿದಳು. "ಗೊತ್ತಿಲ್ಲ, ಡಾಕ್ಟ್ರೇ," ಎಂದ ಅವನು.

"ಗೊತ್ತಿಲ್ಲ ಅಂದ್ರೆ..." ಎಂದು ಶುರುಮಾಡಿದವಳು ಅಲ್ಲಿಗೇ ನಿಲ್ಲಿಸಿದಳು. ಆ ದನಿ ತನ್ನದಲ್ಲ, ಅದಕ್ಕೊಂದು ಮೀಸೆಯಿತ್ತು. "ಗೊತ್ತಿಲ್ಲ ಅಂದ್ರೆ ಆಮೇಲೆ ನೋಡು. ಊಟ ಮಾಡು ಹೋಗು," ಎಂದಳು. ಹುಡುಗ ಇದರಲ್ಲೇನೋ ಮೋಸವಿದೆಯೆಂದು ಸಂಜೆಯವರೆಗೂ ಊಟ ಮಾಡಲಿಲ್ಲ.

ಬುಧವಾರ ತನ್ನೂರು ಚೊಲುಲದಿಂದ ಅಮ್ಮ ಫೋನು ಮಾಡಿದಳು. ಅಮ್ಮ, ದೋನ್ಯಾ ನಿಕಾನೊರಾ, ಸಂತೆಯಲ್ಲಿ ಸೆಮಿತಾ ಮಾರುವವಳು. ಮಾಂಸ, ಚೀಸು, ಆವಕಾಡೊ ತುಂಬಿದ ಆ ದೊಡ್ಡ ಬನ್ನುಗಳಂತೆ ಅವಳ ಮಾತಿನಲ್ಲೂ ಎಲ್ಲವೂ ಒಟ್ಟೊಟ್ಟಿಗೆ ಇರುತ್ತಿತ್ತು.

"ಶನಿವಾರ ಪಾದ್ರಿ ಬರ್ತಾರೆ, ಹನ್ನೊಂದಕ್ಕೆ. ಟರ್ಕಿ ಕೋಳಿ ತಂದಾಯ್ತು. ಮೆಣಸಿನಕಾಯಿ ಹುರಿದು ಇಡೀ ಬೀದಿ ಕೆಮ್ತಾ ಇದೆ. ಬೋರ್ಡು ಬರೆಸಿದ್ದೀನಿ, ನೀಲಿ ಬಣ್ಣ, ನಿನ್ನ ಹೆಸರು ದೂರದ ಪೆಟ್ರೋಲ್ ಬಂಕಿಂದಾನೂ ಕಾಣುತ್ತೆ. ತೂಕದ ಮಷೀನಿಗೆ ಮದ್ರಿನಾ ಸಿಕ್ಕಳು, ನಮ್ಮ ತೊರ್ತಿಯಾ ರೊಟ್ಟಿ ಅಂಗಡಿ ಎದುವಿಹೆಸ್."

ಅಮ್ಮ ಮನೆಯ ಮುಂದಿನ ಕೋಣೆಯನ್ನು ದವಾಖಾನೆ ಮಾಡುತ್ತಿದ್ದಳು. ಅವರ ಬೀದಿಯಲ್ಲಿ ಯಾವುದನ್ನೂ ಒಬ್ಬರೇ ಮಾಡುವುದಿಲ್ಲ. ಮಗುವಿನ ನಾಮಕರಣಕ್ಕೆ ಪದ್ರಿನೊ, ಮದ್ರಿನಾ ಇರುವಂತೆ ದವಾಖಾನೆಯ ಒಂದೊಂದು ವಸ್ತುವಿಗೂ ಒಬ್ಬೊಬ್ಬ ಧರ್ಮದ ಅಪ್ಪ, ಧರ್ಮದ ಅಮ್ಮ ನಿಗದಿಯಾಗಿದ್ದರು. ಮಂಚಕ್ಕೆ ಕಸಾಯಿ ತೆಯೋದುಲೊ. ಪರದೆಗೆ ದರ್ಜಿಯ ಹೆಂಡತಿ. ಸ್ಟೆಥೊಸ್ಕೋಪಿಗೆ ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ರಕ್ತದೊತ್ತಡದ ಮಷೀನಿಗೆ ಇಬ್ಬರ ನಡುವೆ ಜಗಳವಾಗಿ ಎರಡು ಮಷೀನು ಬಂದಿದ್ದವು. ಪಾದ್ರಿ ಪವಿತ್ರ ನೀರು ಚಿಮುಕಿಸಿದ ಮೇಲೆ ಈ ಎಲ್ಲರೂ ಎರ್ಮಿನಿಯಾಳಿಗೆ ಬಂಧುಗಳು, ಸಾಯುವವರೆಗೂ. ಮಂಚ ಕೊಟ್ಟವನನ್ನು ಅದೇ ಮಂಚದ ಮೇಲೆ ಮಲಗಿಸಿ ಫೀಸು ಕೇಳಲಾಗುವುದಿಲ್ಲ. ಹಬ್ಬದ ದಿನ ಬಾಗಿಲು ತಟ್ಟಿದರೆ ಇಲ್ಲವೆನ್ನಲಾಗುವುದಿಲ್ಲ. ಬೇರೆ ಊರಿಗೆ ಹೋಗುತ್ತೇನೆ ಎನ್ನುವುದಂತೂ ಇಡೀ ಬೀದಿಯ ಮುಖಕ್ಕೆ ಹೊಡೆದ ಹಾಗೆ. ಶನಿವಾರ ಆ ದವಾಖಾನೆಯ ಕುರ್ಚಿಯಲ್ಲಿ ಕುಳಿತರೆ ಅವಳ ಹೆಣವೇ ಅದರಿಂದ ಏಳಬೇಕು.

ಬೇಡವೆಂದು ಅಮ್ಮನಿಗೆ ಅವಳು ಹೇಳಿರಲಿಲ್ಲ. ಬೇಕೆಂದೂ ಹೇಳಿರಲಿಲ್ಲ. ಅವರಿಬ್ಬರ ನಡುವೆ ಅವಳ ಮೌನವನ್ನು ಅಮ್ಮ ಯಾವಾಗಲೂ ತನಗೆ ಬೇಕಾದಂತೆ ಓದಿಕೊಳ್ಳುತ್ತಿದ್ದಳು.

"ಬರೋಕಾಗಲ್ವೇನೋ ಅಮ್ಮ," ಎಂದಳು. "ಶಿಕ್ಷೆ ಹಾಕಿದ್ದಾರೆ."

ಅತ್ತ ಕಡೆ ಅಮ್ಮ ಬಾಣಲೆ ಕೆಳಗಿಳಿಸಿದ ಸದ್ದು ಕೇಳಿಸಿತು.

"ಮುಗೀತು ಅಂದ್ಯಲ್ಲ?"

"ಮುಗೀತು. ಆಮೇಲೆ ಹಾಕಿದ್ರು."

"ಎಂಥಾ ಜನ," ಎಂದಳು ಅಮ್ಮ. ಆದರೆ ನಂಬಿದಳು. ಮದುವೆ ತಪ್ಪಿದಾಗ, ಮಣ್ಣು ತಪ್ಪಿದಾಗ ನಂಬಿದವಳು ಇದನ್ನೇಕೆ ನಂಬುವುದಿಲ್ಲ?

ಆ ಮಧ್ಯಾಹ್ನ ಎರ್ಮಿನಿಯಾ ಕಿಟಕಿ ಪಕ್ಕದ ಹಾಸಿಗೆಯ ಬಳಿ ಕುಳಿತಳು. ಅಲ್ಲಿದ್ದ ಮುದುಕ ದೋನ್ ಪ್ರೊಕೋಪಿಯೊ ಬಸ್ಸು ಓಡಿಸಿ ನಿವೃತ್ತನಾದವನು. ಬಂದಾಗಿನಿಂದ ಯಾರೊಡನೆಯೂ ಮಾತಾಡಿರಲಿಲ್ಲ. ಮಾತು ಬರುವುದಿಲ್ಲವೆಂದಲ್ಲ, ಹೇಳುವುದೇನೂ ಇರಲಿಲ್ಲ. ದೂರದಲ್ಲಿ ಜ್ವಾಲಾಮುಖಿ ಪೊಪೊ ಎಂದಿನಂತೆ ಹೊಗೆ ಬಿಡುತ್ತಿತ್ತು. ಇಬ್ಬರೂ ಅದನ್ನೇ ನೋಡಿದರು. ಅವಳಿಗೆ ಮಾಡಬೇಕಾದ ಕೆಲಸವಿರಲಿಲ್ಲ, ಕೇಳುವವರಿರಲಿಲ್ಲ. ಬೇರೆ ದಾರಿ ತೋಚದೆ ಅವಳು ತನ್ನನ್ನೇ ರೋಗಿಯಂತೆ ಪರೀಕ್ಷಿಸಿಕೊಂಡಳು. ಏನು ಬೇಕು ನಿನಗೆ? ನಿದ್ದೆ. ಮತ್ತೆ? ಕುಳಿತು, ಅಗಿದು, ಒಂದು ಊಟ. ಮತ್ತೆ? ಅದರಾಚೆಗೆ ಏನೂ ಕಾಣಲಿಲ್ಲ. ನಾಲ್ಕು ವರ್ಷ ನಿದ್ದೆಗೆಟ್ಟವಳನ್ನು ನಿಲ್ಲಿಸಿಕೊಂಡು ಮುಂದಿನ ಮೂವತ್ತು ವರ್ಷಕ್ಕೇನು ಎಂದು ಕೇಳಿದರೆ ಅವಳು ಎಲ್ಲಿಂದ ತರಬೇಕು?

ಗುರುವಾರ ಬೆಳಿಗ್ಗೆ ಫೌಸ್ತೊ ಅವಳನ್ನು ನೋಡಲು ಬಂದ. ಜನವರಿಯಿಂದಲೇ ಭಾನುವಾರಗಳಲ್ಲಿ ಆ ಕ್ಲಿನಿಕ್ಕಿಗೆ ಹೋಗುತ್ತಿದ್ದವನು ಜಾಹೀರಾತಿಗೆಂದು ತನ್ನ ಹಣೆಗೇ ಸುಕ್ಕು ತೆಗೆಯುವ ಸೂಜಿ ಹಾಕಿಸಿಕೊಂಡಿದ್ದ. ಹಣೆ ಪಿಂಗಾಣಿ ತಟ್ಟೆಯಂತೆ ಹೊಳೆಯುತ್ತಿತ್ತು, ಒಂದು ಗೆರೆಯೂ ಅಲುಗದೆ.

"ಏನೇ ಇದು ಹುಚ್ಚು? ಜೋಕಿಗೆ ಹೇಳಿದ್ರೆ ಬಂದು ಕೂತಿದ್ದೀಯಲ್ಲ. ನನ್ನ ಜೊತೆ ಬಾ. ಒಂದು ಕುರ್ಚಿ ಖಾಲಿ ಇದೆ. ಎ.ಸಿ. ಇದೆ. ಹಿನ್ನೆಲೆಗೆ ನೀರು ಬೀಳೋ ಸಂಗೀತ ಇದೆ."

"ಹೇಗಿದೆ ಕೆಲಸ?"

"ಸ್ವರ್ಗ ಕಣೇ. ಯಾರಿಗೂ ಕಾಯಿಲೆ ಇಲ್ಲ, ಯಾರೂ ಸಾಯಲ್ಲ." ಅವನು ಹಣೆ ಮುಟ್ಟಿಕೊಂಡ. "ಮೊನ್ನೆ ಒಬ್ಬಾಕೆ ಸೂಜಿ ಹಾಕೋವಾಗ ಕೆಮ್ಮಿದ್ರು. ಒಳ್ಳೆ ಕೆಮ್ಮಲ್ಲ. ಎದೆ ಕೇಳ್ತೀನಿ ಅಂದೆ. ಮ್ಯಾನೇಜರು ಬಂದು, ಅದು ನಮ್ಮ ಮೆನುನಲ್ಲಿಲ್ಲ ಅಂದ."

"ನಿನಗೆ ಬೇಜಾರಾಯ್ತಾ?"

"ಆಯ್ತು."

ಅವಳು ಅವನ ಮುಖ ನೋಡಿದಳು. ಅಲ್ಲಿ ಏನೂ ಕಾಣಲಿಲ್ಲ. "ಆಗಿದೆ ಕಣೇ, ನಿಜವಾಗ್ಲೂ," ಎಂದ ಅವನು. "ಈ ಸೂಜಿ ಮದ್ದು ಏಪ್ರಿಲ್‌ವರೆಗೂ ಇಳಿಯಲ್ಲ."

ಅವನು ಹೊರಡುವಷ್ಟರಲ್ಲಿ ಡಾಕ್ಟರ್ ಒಲ್ವೆರಾ ರೌಂಡ್ಸಿಗೆ ಬಂದರು. ವಾರವೆಲ್ಲ ಯಾವುದೋ ಸಭೆಗಳಲ್ಲಿದ್ದವರು ಎರ್ಮಿನಿಯಾಳನ್ನು ಅಂದೇ ಕಂಡದ್ದು. ಅವರ ಹೆಜ್ಜೆ ಒಂದು ಕ್ಷಣ ತಪ್ಪಿತು. ಮರೆತೇಹೋಗಿತ್ತೆಂದು, ಅದು ಬರೀ ತಮಾಷೆಯೆಂದು ಹೇಳಲು ಅವರ ಮುಂದೆ ಒಂದು ಸಣ್ಣ ಜಾಗವಿತ್ತು. ಹಿಂದೆ ಹೊಸ ರೆಸಿಡೆಂಟರು ನಿಂತಿದ್ದರು. ಜಾಗ ಮುಚ್ಚಿಹೋಯಿತು.

"ಉತ್ತರ ಸಿಕ್ತಾ?"

"ಇಲ್ಲ, ಡಾಕ್ಟ್ರೇ."

"ಹಾಗಾದ್ರೆ ಇರು." ಅವರು ಹೊಸಬರ ಕಡೆ ತಿರುಗಿದರು. "ನೋಡಿ, ಶಿಸ್ತು ಅಂದ್ರೆ ಇದು. ಸಂಬಳ ಇಲ್ಲ, ಯಾರೂ ಕಾಯ್ತಿಲ್ಲ, ಆದ್ರೂ ಇದ್ದಾಳೆ."

ಹೊಸಬರು ಅವಳನ್ನು ಭಯಭಕ್ತಿಯಿಂದ ನೋಡಿದರು. ಹಾಸಿಗೆಯಿಂದ ದೋನ್ ಪ್ರೊಕೋಪಿಯೊ ಅವಳನ್ನೂ ಡಾಕ್ಟರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿ, ಮತ್ತೆ ಪೊಪೊ ಕಡೆ ತಿರುಗಿದ.

ಶುಕ್ರವಾರ ಮಧ್ಯಾಹ್ನ ವಾರ್ಡಿನ ನಡುಮೇಜಿನ ಮೇಲೆ ಕೇಕು ಬಂತು. ಕೆನೆಯ ಮೇಲೆ 'ವಿಶ್ರಾಂತಿ ಸುಖಕರವಾಗಲಿ' ಎಂದಿತ್ತು. ಡಾಕ್ಟರ್ ಒಲ್ವೆರಾ ಅದನ್ನು ಯಾರದೋ ಎಕ್ಸ್‌ರೇ ನೋಡುವಂತೆ ನೋಡಿ, ಏನೂ ಹೇಳದೆ ಮುಂದಿನ ರೋಗಿಯ ಬಳಿ ಹೋದರು. ಯಾರಿಗೂ ಚಾಕು ಹಿಡಿಯುವ ಧೈರ್ಯವಾಗಲಿಲ್ಲ.

ಆಗಲೇ ದೋನ್ಯಾ ನಿಕಾನೊರಾ ಒಳಗೆ ಬಂದಳು. ಒಂದು ಕೈಯಲ್ಲಿ ಬಟ್ಟೆ ಕಟ್ಟಿದ ಪಾತ್ರೆ, ಹಿಂದೆ ತೂಕದ ಮಷೀನಿನ ಮದ್ರಿನಾ ಎದುವಿಹೆಸ್. ಪಾತ್ರೆಯಿಂದ ಮೆಣಸಿನಕಾಯಿ, ಚಾಕೊಲೇಟು ಅರೆದ ಕರಿ ಸಾರಿನ ವಾಸನೆ ವಾರ್ಡಿಗೆಲ್ಲ ಹಬ್ಬಿತು. ಬರೀ ಗಂಜಿಯ ಪಥ್ಯದಲ್ಲಿದ್ದ ಇಬ್ಬರು ರೋಗಿಗಳು ಎದ್ದು ಕುಳಿತರು.

"ನೀವೇನಾ ಒಲ್ವೆರಾ ಡಾಕ್ಟ್ರು? ನಾನು ಇವಳ ತಾಯಿ. ಬೈಯೋಕೆ ಬಂದಿಲ್ಲ, ಸಾರು ತಂದಿದ್ದೀನಿ. ನಾಳೆ ಇವಳ ದವಾಖಾನೆಗೆ ಪಾದ್ರಿ ಬರ್ತಾರೆ. ಇವಳು ಏನು ತಪ್ಪು ಮಾಡಿದ್ದು?"

"ಒಂದು ಪ್ರಶ್ನೆಗೆ ಉತ್ತರ ಹೇಳ್ಲಿಲ್ಲ, ಅಮ್ಮ."

"ಎಂಥಾ ಪ್ರಶ್ನೆ?"

ಡಾಕ್ಟರ್ ಒಲ್ವೆರಾ ಕೆಮ್ಮಿದರು. "ಮುಂದೆ ಏನು ಮಾಡ್ತೀಯಾ ಅಂತ."

"ಇಷ್ಟೇನಾ?" ಅಮ್ಮನ ಮುಖ ಅರಳಿತು. "ಅದು ನನಗೆ ಗೊತ್ತಲ್ಲ. ನಮ್ಮ ಮನೆ ಮುಂದಿನ ಕೋಣೇಲಿ ಕೂತು ಜನರನ್ನ ನೋಡ್ತಾಳೆ. ಬರ್ಕೊಳ್ಳಿ ಬೇಕಿದ್ರೆ."

ಡಾಕ್ಟರ್ ಒಲ್ವೆರಾ ಅವರಿಗೆ ಹೋದ ಜೀವ ಬಂದಂತಾಯಿತು. ಇದಕ್ಕೊಂದು ಕೊನೆ ಬೇಕಿತ್ತು ಅವರಿಗೂ. "ಸರಿಯಾದ ಉತ್ತರ," ಎಂದು ತಲೆಯಾಡಿಸಿದರು. "ಎರ್ಮಿನಿಯಾ, ನೀನಿನ್ನು ಹೋಗಬಹುದು."

ಬಾಗಿಲು ತೆರೆದಿತ್ತು. ಕಸಿಲ್ದಾ ಆಗಲೇ ಅವಳ ಚೀಲ ಎತ್ತಿಕೊಂಡು ಬಂದಿದ್ದಳು. ಎದುವಿಹೆಸ್ ಕಣ್ಣೊರೆಸಿಕೊಂಡಳು. ಎರ್ಮಿನಿಯಾ ಹೆಜ್ಜೆ ಎತ್ತಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವಳಿಗೆ ಒಂದು ವಿಷಯ ಖಚಿತವಾಗಿ ಗೊತ್ತಿತ್ತು.

"ಅದು ನನ್ನ ಉತ್ತರ ಅಲ್ಲ, ಡಾಕ್ಟ್ರೇ."

ಎದುವಿಹೆಸ್ ಕಣ್ಣೊರೆಸುವುದನ್ನು ನಿಲ್ಲಿಸಿದಳು.

"ಏನಂದೆ?" ಅಮ್ಮ ಕೇಳಿದಳು.

"ನನಗೆ ಬೇಡಮ್ಮ ಆ ಕೋಣೆ. ಏನು ಬೇಕು ಅಂತ ಇನ್ನೂ ಗೊತ್ತಿಲ್ಲ. ಅದು ಬೇಡ ಅಂತ ಗೊತ್ತು."

ಅಮ್ಮ ಪಾತ್ರೆಯನ್ನು ಕೇಕಿನ ಪಕ್ಕದಲ್ಲಿಟ್ಟಳು. "ಮೊದಲೇ ಹೇಳ್ಬಾರದಿತ್ತೇನೇ?"

"ಹೇಳ್ಬೇಕಿತ್ತು."

"ಮಂಚ ಬಂದಾಯ್ತು. ಪರದೆ ಹೊಲಿದಾಯ್ತು. ಎರಡೆರಡು ಬಿ.ಪಿ. ಮಷೀನು. ಪಾದ್ರಿಗೆ ಹೇಳಿದೆ, ಬೀದಿಗೆಲ್ಲ ಹೇಳಿದೆ. ಈಗ ಕುರ್ಚಿ ಮೇಲೆ ಯಾರನ್ನ ಕೂರಿಸ್ಲಿ, ಟರ್ಕಿ ಕೋಳೀನಾ?"

ಅಮ್ಮ ಬಾಯಿ ಒರೆಸಿಕೊಂಡು, ಎಲ್ಲಿ ನೋಡುವುದೆಂದು ತಿಳಿಯದೆ ಕೇಕನ್ನು ನೋಡಿದಳು. ನಿಧಾನವಾಗಿ ಅಕ್ಷರ ಕೂಡಿಸಿ ಓದಿದಳು.

"ಇದು ಯಾರಿಗೆ?"

"ನನಗೆ," ಎಂದರು ಡಾಕ್ಟರ್ ಒಲ್ವೆರಾ. ಅವರ ದನಿ ಎಂದಿಗಿಂತ ಕೆಳಗಿತ್ತು.

"ಇವತ್ತೇನಾ ಕೊನೆ?"

"ಇವತ್ತೇ."

"ನಾಳೆಯಿಂದ ಏನ್ಮಾಡ್ತೀರಿ?"

ಅಮ್ಮ ಕೇಳಿದ್ದು ಬರೀ ಉಪಚಾರಕ್ಕೆ, ಸಂತೆಯಲ್ಲಿ ಯಾರನ್ನಾದರೂ ಕೇಳುವಂತೆ. ಆದರೆ ಕಸಿಲ್ದಾಳ ಕೈಯಲ್ಲಿದ್ದ ಚೀಲ ನೆಲಕ್ಕೆ ಬಂತು. ಹೊಸ ರೆಸಿಡೆಂಟರು ಅಭ್ಯಾಸವಾಗಿದ್ದವರಂತೆ ಕಣ್ಣು ಕೆಳಗಿಳಿಸಿದರು. ಡಾಕ್ಟರ್ ಒಲ್ವೆರಾ ಬಾಯಿ ತೆರೆದರು. ಎರ್ಮಿನಿಯಾಳಿಗೆ ಆ ಮುಖ ಪರಿಚಯವಿತ್ತು. ಸಾಲು ಸಾಲು ಹಾಸಿಗೆಗಳ ಹಿಂದೆ ಏನಿದೆಯೆಂದು ಅವರು ಇಣುಕಿ ನೋಡುತ್ತಿದ್ದರು. ಅವರಿಗೂ ಗೋಡೆಯೇ ಕಂಡಿತು.

ಮೌನ ಎಷ್ಟು ಬೆಳೆಯಿತೆಂದರೆ ದೋನ್ ಪ್ರೊಕೋಪಿಯೊಗೇ ತಡೆಯಲಾಗಲಿಲ್ಲ. ಬಂದಾಗಿನಿಂದ ಮೊದಲ ಬಾರಿಗೆ ಅವನು ಮಾತಾಡಿದ.

"ಅವ್ರಿಗೂ ಗೊತ್ತಿಲ್ಲ," ಎಂದ.

ಯಾರೂ ನಗಲಿಲ್ಲ. ನಗುವ ಮೊದಲು ಎಲ್ಲರೂ ನೋಡಿಕೊಳ್ಳುವ ಮೀಸೆ ಅಲುಗಾಡುತ್ತಿರಲಿಲ್ಲ.

ದೋನ್ಯಾ ನಿಕಾನೊರಾ ಡಾಕ್ಟರರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಸಂತೆಯಲ್ಲಿ ಸಾಯಂಕಾಲ ಉಳಿದ ಒಳ್ಳೆಯ ಮಾಲನ್ನು ನೋಡುವ ಹಾಗೆ. ಆಮೇಲೆ ಪಾತ್ರೆಯ ಬಟ್ಟೆ ಬಿಚ್ಚಿದಳು.

"ಮೊದಲು ಊಟ ಮಾಡಿ ಡಾಕ್ಟ್ರೇ," ಎಂದಳು. "ಆಮೇಲೆ ಮಾತಾಡೋಣ. ನಿಮಗೆ ಯಾವ ಬಿ.ಪಿ. ಮಷೀನು ಅಭ್ಯಾಸ, ಕೈಯಲ್ಲಿ ಒತ್ತೋದಾ, ಬ್ಯಾಟ್ರಿದಾ?"

ಶನಿವಾರ ಹನ್ನೊಂದಕ್ಕೆ ಪಾದ್ರಿ ಬಂದು ಮಂಚಕ್ಕೂ ಪರದೆಗೂ ಎರಡೂ ಮಷೀನಿಗೂ ನೀರು ಚಿಮುಕಿಸಿದರು. ಸ್ವಲ್ಪ ನೀರು ಡಾಕ್ಟರ್ ಒಲ್ವೆರಾ ಅವರ ಮೀಸೆಗೂ ಬಿತ್ತು. ಬೋರ್ಡನ್ನು ಬದಲಿಸಿರಲಿಲ್ಲ, ಬೋರ್ಡಿನ ಪದ್ರಿನೊಗೆ ಬೇಜಾರಾಗುತ್ತದೆಂದು ಅಮ್ಮ ಒಪ್ಪಲಿಲ್ಲ. ಹೀಗಾಗಿ ದೊಡ್ಡ ನೀಲಿ ಅಕ್ಷರಗಳ 'ದೊಕ್ತೊರಾ ಎರ್ಮಿನಿಯಾ ಕ್ವೌತ್ಲೆ' ಹೆಸರಿನ ಕೆಳಗೆ ಡಾಕ್ಟರ್ ಒಲ್ವೆರಾ ಕೈ ಕಟ್ಟಿ ಕುಳಿತಿದ್ದರು. ಅವರ ಹೆಂಡತಿಯೂ ಬಂದಿದ್ದಳು, ತೆಳ್ಳಗಿನ, ಮೆಲುಮಾತಿನ ಹೆಂಗಸು. ಊಟಕ್ಕೂ ಮೊದಲು ಅಮ್ಮನನ್ನು ಪಕ್ಕಕ್ಕೆ ಕರೆದು, ಭಾನುವಾರವೂ ತೆರೆದಿಡಲು ಸಾಧ್ಯವೇ ಎಂದು ಕೇಳಿದಳು.

ಪದ್ರಿನೊಗಳು ಊಟಕ್ಕೂ ಕಾಯದೆ ಸಾಲು ನಿಂತರು. ಮೊದಲಿಗೆ ತೆಯೋದುಲೊ ತನ್ನ ಮಂಚದ ಮೇಲೆ ತಾನೇ ಮಲಗಿ ಅಂಗಿ ಎತ್ತಿದ.

ಎರ್ಮಿನಿಯಾ ಮಧ್ಯಾಹ್ನದವರೆಗೂ ಮಲಗಿದ್ದು ಎದ್ದುಬಂದು ಅಂಗಳದ ಮೇಜಿಗೆ ಕುಳಿತಳು. ಅಮ್ಮ ಮಾತಾಡದೆ ತಟ್ಟೆಯಿಟ್ಟಳು, ಮಾತಾಡದೆ ಸಾರು ಬಡಿಸಿದಳು. ಬೇಕಾದ್ದಕ್ಕಿಂತ ಹೆಚ್ಚೇ ಬಡಿಸಿದಳು. ಎರ್ಮಿನಿಯಾ ತೊರ್ತಿಯಾ ಹರಿದು, ಅದ್ದಿ, ನಿಧಾನವಾಗಿ ಅಗಿದಳು. ಎದುವಿಹೆಸ್ ಬಂದು ಎದುರಿಗೆ ಕುಳಿತಳು.

"ಹಾಗಾದ್ರೆ ಮಗಳೇ, ಇನ್ನು ಮುಂದೇನು?"

"ಗೊತ್ತಿಲ್ಲ ಅತ್ತೆ."

ಒಳಗೆ ಕುರ್ಚಿಯಲ್ಲಿ ಡಾಕ್ಟರ್ ಒಲ್ವೆರಾ ಅವರ ತಲೆ ಥಟ್ಟನೆ ಮೇಲೆದ್ದಿತು. ಬಾಯಿ ಅರ್ಧ ತೆರೆಯಿತು.

"ಈ ಕಡೆ ನೋಡಿ ಡಾಕ್ಟ್ರೇ," ಎಂದ ತೆಯೋದುಲೊ ಮಂಚದಿಂದ. "ನೋವು ಇಲ್ಲಿದೆ."

ಅವರು ಈ ಕಡೆ ನೋಡಿದರು. ಎರ್ಮಿನಿಯಾ ಇನ್ನೊಂದು ತೊರ್ತಿಯಾ ತೆಗೆದುಕೊಂಡಳು.